ಅಲೆಗಳ ಆಚೆಗೆ ಫೋನು ಬರುವುದಿಲ್ಲ

ಮೊನ್ನೆ ಸುಳ್ಯದ ಪೇಟೆಯಲ್ಲಿ ಜೇನು ಮಾರುವ ಅಂಗಡಿಗೆ ಹೋಗಿದ್ದೆ. ಅತ್ತೆಗೆ ಕೆಮ್ಮು, ಒಂದು ಬಾಟಲಿ ಜೇನು ತರಬೇಕಿತ್ತು. ಅಂಗಡಿಯ ಹಿಂಬದಿಯಲ್ಲಿ ಯಾರೋ ಜೇನುಮೇಣವನ್ನು ತೆಂಗಿನೆಣ್ಣೆಯಲ್ಲಿ ಕರಗಿಸುತ್ತಿದ್ದರು. ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮಂತೆ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಸುಳ್ಯದಲ್ಲಿರಲಿಲ್ಲ. ಮುಲ್ಕಿಯ ಹತ್ತಿರದ ಕಡಲದಂಡೆಯಲ್ಲಿ ಮೊಣಕಾಲೂರಿ ಕೂತು, ನನಗಿಂತ ಉದ್ದದ ಹಲಗೆಗೆ ಮೇಣ ತಿಕ್ಕುತ್ತಿದ್ದೆ. ಎದುರಿಗೆ ಒದ್ದೆ ಜಡೆಯ ನಿಶ್ಮಿತಾ, ಮೂಗಿನ ತುದಿಗೆಲ್ಲ ಮರಳು. ಅಂಗಡಿಯವರು ಚಿಲ್ಲರೆ ಹಿಡಿದುಕೊಂಡು "ಅಕ್ಕಾ, ಓ ಅಕ್ಕಾ" ಎಂದು ಕರೆದ ಮೇಲೆಯೇ ನಾನು ತಿರುಗಿ ಬಂದದ್ದು.

ನಾವಿಬ್ಬರೂ ಆಗ ಪುತ್ತೂರಿನಲ್ಲಿ ಎರಡನೆಯ ಪಿಯುಸಿ ಓದುತ್ತಿದ್ದೆವು. ನನ್ನ ಮನೆ ಕುಂಬ್ರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಿಶ್ಮಿಯದು ಪಂಜ. ಅಡಿಕೆ, ರಬ್ಬರು ಎರಡೂ ಇರುವ ಹಳೆಯ ತುಳು ಮನೆತನ. ಅವಳು ಹಾಸ್ಟೆಲಿನಲ್ಲಿದ್ದು ಶನಿವಾರಗಳಲ್ಲಿ ಊರಿಗೆ ಹೋಗುತ್ತಿದ್ದಳು. ಇಬ್ಬರಿಗೂ ಕಡಲಿಗೂ ಎಲ್ಲಿಂದೆಲ್ಲಿಗೆ ಸಂಬಂಧ? ನಮ್ಮ ಕಡೆಯವರು ಕಡಲು ನೋಡುವುದು ಮಂಗಳೂರಿನ ಆಸ್ಪತ್ರೆಗೆ ಹೋದಾಗ. ರೋಗಿಗೆ ಹುಷಾರಾಯಿತೆಂಬ ಖುಷಿಯಲ್ಲಿ, ಸೀರೆಯ ಅಂಚು ಒದ್ದೆಯಾಗದಷ್ಟು ದೂರದಲ್ಲಿ ನಿಂತು, ಚುರುಮುರಿ ತಿಂದು ವಾಪಸು ಬರುತ್ತೇವೆ.

ಆ ವರ್ಷ ದಸರಾ ರಜೆಯಲ್ಲಿ ನಾನು ನಿಶ್ಮಿಯನ್ನು ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದೆ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮುಲ್ಕಿಯ ಹತ್ತಿರ, ಹೊಳೆ ಕಡಲಿಗೆ ಸೇರುವಲ್ಲಿ ಮನೆ ಮಾಡಿದ್ದರು. ಅವರ ಗೇಟು ದಾಟಿದರೆ ಮರಳು; ಮರಳಿನ ಮೇಲೆ ಒಂದು ತೆಂಗಿನ ಮಡಲಿನ ಚಪ್ಪರ; ಚಪ್ಪರದೊಳಗೆ ಸಾಲಾಗಿ ಒರಗಿಸಿಟ್ಟ ಸರ್ಫಿಂಗ್ ಹಲಗೆಗಳು. ಅಲೆ ಬರುವಾಗ ಹಲಗೆಯ ಮೇಲೆ ಎದ್ದು ನಿಂತು ದಡದ ತನಕ ಜಾರಿ ಬರುವ ಆಟ ಅದು. ಅಲ್ಲಿ ಕಲಿಸುತ್ತಿದ್ದವಳು ಪ್ರಮೀಳಾ. ಮೀನುಗಾರರ ಮನೆಯ ಹುಡುಗಿ, ನಮಗಿಂತ ಕೆಲವೇ ವರ್ಷ ದೊಡ್ಡವಳು. ನಮಗೆ ಪ್ರಮಿಯಕ್ಕ.

"ಈಜಲಿಕ್ಕೆ ಬರ್ತದಾ?" ಎಂದು ಮಾತ್ರ ಕೇಳಿದಳು.

"ಕುಮಾರಧಾರೆಯಲ್ಲಿ ಈಜಿದವರು ಅಕ್ಕಾ ನಾವು" ಎಂದು ನಿಶ್ಮಿ ಎದೆ ಸೆಟೆಸಿದಳು. ನಿಜಕ್ಕೂ ಈಜಿದವಳು ಅವಳು. ನಾನು ರಜೆಯಲ್ಲಿ ಅವಳ ಮನೆಗೆ ಹೋದಾಗ ಅವಳ ಸೊಂಟ ಹಿಡಿದುಕೊಂಡು ಕಲಿತವಳು.

ಆ ಜಂಬವೇ ಮೊದಲ ದಿನ ನಮ್ಮನ್ನು ಮುಳುಗಿಸಲು ನೋಡಿತು. ಹೊಳೆಯ ಬದಿಯ ಮಕ್ಕಳಿಗೆ ಒಂದು ಪಾಠ ಸಣ್ಣದರಲ್ಲೇ ಬಾಯಿಗೆ ಬಂದಿರುತ್ತದೆ: ನೀರು ಬೊಬ್ಬೆ ಹಾಕುವ ಕಡೆ ಅಡಿಯಲ್ಲಿ ಕಲ್ಲು, ಅಲ್ಲಿಗೆ ಹೋಗಬಾರದು, ನೀರು ಸುಮ್ಮನಿರುವ ಕಡೆ ಇಳಿದು ಈಜಬಹುದು. ಕಡಲಲ್ಲೂ ನಾವು ಸುಮ್ಮನಿರುವ ನೀರನ್ನೇ ಹುಡುಕಿದೆವು. ಎಡಕ್ಕೂ ಬಲಕ್ಕೂ ಅಲೆಗಳು ಬಿಳಿಯಾಗಿ ಒಡೆದು ಬೀಳುತ್ತಿದ್ದರೆ, ನಡುವೆ ಒಂದು ಓಣಿಯ ಅಗಲಕ್ಕೆ ನೀರು ಹಸಿರಾಗಿ, ನೊರೆಯೇ ಇಲ್ಲದೆ ಮಲಗಿತ್ತು. ಪ್ರಮಿಯಕ್ಕ ಬೇರೆ ಮಕ್ಕಳ ಕಾಲಿಗೆ ಹಲಗೆಯ ಹಗ್ಗ ಕಟ್ಟುತ್ತಿದ್ದಾಗ ನಾವಿಬ್ಬರೂ ಬುದ್ಧಿವಂತರ ಹಾಗೆ ಆ ಓಣಿಗೆ ಇಳಿದೆವು. ತಿರುಗಿ ನೋಡುವಷ್ಟರಲ್ಲಿ ದೊಡ್ಡಮ್ಮನ ತೆಂಗಿನಮರಗಳು ಸಣ್ಣದಾಗಿದ್ದವು. ದಡದ ಕಡೆಗೆ ಎಷ್ಟು ಕೈ ಬೀಸಿದರೂ ಇದ್ದಲ್ಲೇ ಇದ್ದೆವು. ನನಗೆ ಅಳು ಬಂತು; ಜೋರಾಗಿ ಅತ್ತುಬಿಟ್ಟೆ.

ಪ್ರಮಿಯಕ್ಕ ತನ್ನ ಹಲಗೆಯ ಮೇಲೆ ಕವುಚಿ ಮಲಗಿ, ಏನೂ ಗಡಿಬಿಡಿಯಿಲ್ಲದೆ ಬಂದಳು. "ಅದು ಸೆಳೆತ ಮಾರಾಯ್ತಿ. ದಡಕ್ಕೆ ಬಂದ ನೀರೆಲ್ಲ ತಿರುಗಿ ಹೋಗುದು ಅಲ್ಲಿಂದಲೇ. ಅದರೊಟ್ಟಿಗೆ ಜಗಳಕ್ಕೆ ನಿಲ್ಲಬೇಡಿ, ಅಡ್ಡಕ್ಕೆ ಕೈ ಹಾಕಿ" ಎಂದಳು. ಅಡ್ಡಕ್ಕೆ ಹೋಗಿ ನೊರೆಯ ಅಲೆಗಳಿಗೆ ಸಿಕ್ಕಿದೆವು. ಅವು ನಮ್ಮನ್ನು ಉರುಳಿಸಿ, ಮೂಗಿಗೆಲ್ಲ ಉಪ್ಪುನೀರು ನುಗ್ಗಿಸಿ, ಮರಳಿನ ಮೇಲೆ ತಂದು ಹಾಕಿದವು.

"ಹೊಳೆಯ ಬುದ್ಧಿ ಇಲ್ಲಿ ನಡೆಯುದಿಲ್ಲ" ಎಂದಳು ಪ್ರಮಿಯಕ್ಕ. "ಇಲ್ಲಿ ಬೊಬ್ಬೆ ಹಾಕುವ ನೀರೇ ಮನೆಗೆ ಮುಟ್ಟಿಸುದು. ಸುಮ್ಮನೆ ಇರುವ ನೀರಿನ ಹತ್ರ ಜಾಗ್ರತೆ."

ನಿಶ್ಮಿ ಮಲಗಿದಲ್ಲಿಂದಲೇ ಆಕಾಶ ನೋಡುತ್ತಾ, "ನಮ್ಮ ಮನೆಯ ಹಾಗೆ" ಎಂದಳು. ಪ್ರಮಿಯಕ್ಕನಿಗೆ ಅರ್ಥವಾಗಲಿಲ್ಲ. ನನಗಾಯಿತು.

ನಿಶ್ಮಿಯ ಅಪ್ಪ ಅಮ್ಮ ಮಾತು ಬಿಟ್ಟು ತುಂಬ ಕಾಲವಾಗಿತ್ತು. ಯಾಕೆ ಬಿಟ್ಟದ್ದೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊಡೆದಾಟವಿಲ್ಲ, ಕುಡಿತವಿಲ್ಲ, ಎತ್ತರದ ಸ್ವರವೂ ಇಲ್ಲ. ಒಂದೇ ಮೇಜಿನಲ್ಲಿ ಕೂತು ಒಂದೇ ಸಾರು ಉಣ್ಣುತ್ತಾ ಅಪ್ಪ ಮಗಳಿಗೆ ಹೇಳುವರು: "ನಾಳೆ ಅಡಿಕೆಗೆ ಮದ್ದು ಬಿಡುವವರು ಬರ್ತಾರೆ, ಅಡುಗೆ ಜಾಸ್ತಿ ಆಗಬೇಕೂಂತ ಹೇಳು." ಅಮ್ಮ ಅದೇ ಮಗಳಿಗೆ ಹೇಳುವರು: "ಗ್ಯಾಸ್ ಮುಗಿದಿದೆ, ಎಂತ ತಲೆಯಲ್ಲಿ ಬೇಯಿಸುದಾ ಅಂತ ಕೇಳು." ಮಗಳು ನಡುವೆ ಕೂತು ಇತ್ತಲಿನದನ್ನು ಅತ್ತ, ಅತ್ತಲಿನದನ್ನು ಇತ್ತ ದಾಟಿಸಬೇಕು. ಅವಳು ಹಾಸ್ಟೆಲಿಗೆ ಬಂದರೆ ಈ ಕಾಟ ತಪ್ಪೀತು ಎಂದು ನಾನು ತಿಳಿದಿದ್ದೆ. ಇಲ್ಲ, ಫೋನು ಉಂಟಲ್ಲ! ಅಪ್ಪ ಅಂಗಳದಲ್ಲಿ ನಿಂತು ಅವಳಿಗೆ ಫೋನು ಮಾಡುವರು, ಅವಳು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಫೋನು ಮಾಡಿ ಹೇಳಬೇಕು. ಪಂಜದ ಅಂಗಳದಿಂದ ಪಂಜದ ಅಡುಗೆಮನೆಗೆ ಒಂದು ಮಾತು ಮುಟ್ಟಬೇಕಾದರೆ ಅದು ಪುತ್ತೂರಿಗೆ ಬಂದು ಹೋಗಬೇಕಿತ್ತು.

ಮೊದಮೊದಲು ಅವಳು ಇದನ್ನೇ ನಾಟಕ ಮಾಡಿ ತೋರಿಸುತ್ತಿದ್ದಳು. ಎರಡೂ ಸ್ವರ ತೆಗೆದು ಹಾಸ್ಟೆಲಿನವರನ್ನೆಲ್ಲ ನಗಿಸುತ್ತಿದ್ದಳು. ಆ ವರ್ಷ ಆ ನಾಟಕ ನಿಂತಿತ್ತು. ಫೋನು ಅಲುಗಿದರೆ ಸಾಕು, ಅವಳ ಭುಜಗಳು ಮೇಲೇರುತ್ತಿದ್ದವು. ಪಕ್ಕದಲ್ಲಿ ಕೂತವಳಿಗೆ ಅದು ಕಾಣುತ್ತದೆ. ಪರಿಹಾರ ಮಾತ್ರ ಕಾಣುತ್ತಿರಲಿಲ್ಲ.

ಆದ್ದರಿಂದಲೇ ಕಡಲು ನಮ್ಮನ್ನು ಹಿಡಿದುಕೊಂಡಿತು. ರಜೆ ಮುಗಿದ ಮೇಲೂ ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಹೊರಡುತ್ತಿದ್ದೆವು. ನನ್ನ ಮನೆಯಲ್ಲಿ ದೊಡ್ಡಮ್ಮನ ಹೆಸರು ಸಾಕಾಗುತ್ತಿತ್ತು. ಅವಳ ಮನೆಯಲ್ಲಿ "ಸ್ಪೆಷಲ್ ಕ್ಲಾಸ್". ಪುತ್ತೂರು ಬಿಡುವಾಗ ಬಸ್ಸಿನ ಗಾಜಿನ ಮೇಲೆ ಮಂಜು. ನಿಶ್ಮಿ ಅದರಲ್ಲಿ ಬೆರಳಿನಿಂದ ಅಲೆಗಳನ್ನು ಗೀಚುವಳು, ನಾನು ಅಲೆಯ ಮೇಲೆ ಎರಡು ಕಡ್ಡಿ ಮನುಷ್ಯರನ್ನು ನಿಲ್ಲಿಸುವೆ. ಬಿ.ಸಿ. ರೋಡು ಮುಟ್ಟುವ ಹೊತ್ತಿಗೆ ಬಿಸಿಲು ಬಂದು ಎಲ್ಲ ಕರಗಿರುತ್ತಿತ್ತು. ಮಂಗಳೂರಿನಲ್ಲಿ ಬಸ್ಸು ಬದಲಿಸಿ, ಮುಲ್ಕಿಯ ಕಡೆ ಇಳಿದು, ಮರಳಿನ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡುವಾಗ ಮೊದಲು ಕೇಳುವುದು ಕಡಲಿನ ಸದ್ದು. ಆಮೇಲೆ ದೊಡ್ಡಮ್ಮನದು: "ತಿಂಡಿ ತಿಂದು ಹೋಗಿ! ಆ ಮಣೆ ಎಲ್ಲಿಗೂ ಓಡಿಹೋಗುದಿಲ್ಲ!" ಸರ್ಫಿಂಗ್ ಹಲಗೆಗೆ ಅವರು ಕೊನೆಯ ತನಕ ಮಣೆ ಎಂದೇ ಹೇಳಿದರು.

ಹಲಗೆಯ ಮೇಲೆ ಕಾಲು ಜಾರದಿರಲು ಮೇಣ ಬೇಕು. ಪೇಟೆಯ ಮೇಣ ದುಬಾರಿ. ಮರ್ಕಂಜದಲ್ಲಿ ನನ್ನ ಮಾವ ಜೇನು ಸಾಕುತ್ತಾರೆ. ಅವರಲ್ಲಿ ಮೇಣ ಬೇಕಾದಷ್ಟು. ತಂದು, ತೆಂಗಿನೆಣ್ಣೆ ಹಾಕಿ ಕರಗಿಸಿ, ತೆಂಗಿನ ಗೆರಟೆಯಲ್ಲಿ ಹೊಯ್ದು ಉಂಡೆ ಮಾಡಿದೆವು. ಎಣ್ಣೆ ಹೆಚ್ಚಾಯಿತು. ನಿಶ್ಮಿ ಹಲಗೆಯ ಮೇಲೆ ಎದ್ದು ನಿಲ್ಲುವ ಮೊದಲೇ ಕಡಲಿಗೆ ಬಿದ್ದಳು. ಪ್ರಮಿಯಕ್ಕ ಬೆರಳಿನಿಂದ ತೀಡಿ ನೋಡಿ, "ಇದರಲ್ಲಿ ನೀರುದೋಸೆ ಹೊಯ್ಯುದಾ? ಲಾಯ್ಕಾಗಿ ಏಳ್ತದೆ" ಎಂದಳು. ಎಣ್ಣೆ ಕಡಿಮೆ ಮಾಡುತ್ತಾ ಮಾಡುತ್ತಾ ಒಂದು ಹದ ಸಿಕ್ಕಿತು. ಆಮೇಲೆ ಚಪ್ಪರದ ಮಕ್ಕಳೆಲ್ಲ ನಮ್ಮ ಉಂಡೆಗೇ ಕೈ ಒಡ್ಡುತ್ತಿದ್ದರು.

ನಾನು ಮೊದಲ ಸಲ ಎದ್ದು ನಿಂತದ್ದು ದೀಪಾವಳಿ ಕಳೆದ ಮೇಲೆ. ಅದನ್ನು ಹೇಗೆ ಹೇಳಲಿ? ಹಿಂದಿನಿಂದ ಯಾರೋ ಎತ್ತಿದ ಹಾಗಾಗುತ್ತದೆ. ಕೈ ಊರಿ, ಕಾಲು ಎಳೆದುಕೊಂಡು ನಿಂತರೆ ಸದ್ದೆಲ್ಲ ನಿಲ್ಲುತ್ತದೆ. ಕಾಲಡಿಯಲ್ಲಿ ಹಸಿರು ನೀರು ಓಡುತ್ತದೆ, ದಡ ತಾನಾಗಿ ನಿಮ್ಮ ಕಡೆಗೆ ಬರುತ್ತದೆ. ಪರೀಕ್ಷೆಯಿಲ್ಲ, ರ‍್ಯಾಂಕಿಲ್ಲ, ಯಾರ ಮಗಳೂ ಅಲ್ಲ. ನಾಲ್ಕು ಉಸಿರಿನಷ್ಟು ಹೊತ್ತು. ಬಿದ್ದು ಎದ್ದಾಗ ನಿಶ್ಮಿ ಸೊಂಟದ ನೀರಿನಲ್ಲಿ ನಿಂತು ನನಗಿಂತ ಜೋರಾಗಿ ಕೂಗುತ್ತಿದ್ದಳು. ಅವಳಿಗೆ ನಿಲ್ಲುವುದು ನನಗಿಂತ ಮೊದಲೇ ಬಂದಿತ್ತು. ಆದರೆ ಅವಳಿಗೆ ಇಷ್ಟವಾದದ್ದು ಬೇರೆ. ಅಲೆಗಳು ಒಡೆಯುವ ಗೆರೆಯನ್ನು ದಾಟಿ ಆಚೆಗೆ ಹೋಗಿ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಸುಮ್ಮನೆ ಕೂರುವುದು. ನಮ್ಮನ್ನು ಅಳಿಸಿದ ಆ ಸೆಳೆತದ ಓಣಿಯನ್ನೇ ಹಿಡಿದು ಆಚೆಗೆ ಹೋಗುವುದನ್ನು ಪ್ರಮಿಯಕ್ಕ ಈಗ ಕಲಿಸಿದ್ದಳು.

"ಇಲ್ಲಿಗೆ ಫೋನು ಬರುದಿಲ್ಲ ಗೊತ್ತುಂಟಾ ಸಿಂಚು?" ಎನ್ನುತ್ತಿದ್ದಳು ನಿಶ್ಮಿ. "ಇಡೀ ಭೂಮಿಯಲ್ಲಿ ಇದೊಂದೇ ಜಾಗ."

ಧನುರ್ಮಾಸದ ಚಳಿ ಶುರುವಾದಾಗ ಅವಳ ಮನೆಯ ಸೆಳೆತ ಜೋರಾಯಿತು. ಅಪ್ಪ ಅಮ್ಮ ಬೇರೆಯಾಗುವುದೆಂದು ತೀರ್ಮಾನವಾಗಿತ್ತು. ಅದನ್ನೂ ಅವರು ಒಬ್ಬರಿಗೊಬ್ಬರು ಹೇಳಿರಲಿಲ್ಲ. ಇಬ್ಬರೂ ಮಗಳಿಗೆ ಹೇಳಿದ್ದರು. ಬರುವ ಭಾನುವಾರ ಮಧ್ಯಾಹ್ನದ ಮೇಲೆ ಎರಡೂ ಕಡೆಯ ಹಿರಿಯರು ಪಂಜದ ಮನೆಯ ಚಾವಡಿಯಲ್ಲಿ ಕೂರುವುದು. ಅಮ್ಮನ ಕಡೆಯಿಂದ ಸೋದರಮಾವ, ಅಪ್ಪನ ಕಡೆಯಿಂದ ದೊಡ್ಡಪ್ಪ. ದೀಪ ಹಚ್ಚಿ, ಮಗಳನ್ನು ನಿಲ್ಲಿಸಿ, "ನೀನು ಯಾರೊಟ್ಟಿಗೆ ಇರುದು?" ಎಂದು ಕೇಳುವುದು. ಚಾವಡಿಯಲ್ಲಿ ದೀಪದ ಮುಂದೆ ಆಡಿದ ಮಾತನ್ನು ಆಮೇಲೆ ಹಿಂದೆ ತೆಗೆಯುವ ಕ್ರಮ ಆ ಮನೆಯಲ್ಲಿಲ್ಲ.

ಆ ಭಾನುವಾರ ಬೆಳಿಗ್ಗೆ ನಿಶ್ಮಿ ಪಂಜದ ಬಸ್ಸಿನಲ್ಲಿರಬೇಕಿತ್ತು. ನಾನು ಹಾಲು ತರಲು ಕುಂಬ್ರ ಜಂಕ್ಷನ್ನಿಗೆ ಹೋದರೆ ಅಂಗಡಿಯ ಜಗಲಿಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಾಳೆ. ಕಣ್ಣು ಊದಿತ್ತು.

"ನಾನು ಹೋಗುದಿಲ್ಲ" ಎಂದಳು. "ಅಪ್ಪ ಅಂದ್ರೆ ಅಮ್ಮ ಸಾಯ್ತಾರೆ, ಅಮ್ಮ ಅಂದ್ರೆ ಅಪ್ಪ. ಅಲ್ಲಿ ನಿಂತು ನಾನು ಎಂತ ಹೇಳುದು? ಕಡಲಿಗೆ ಹೋಗುವ. ಆಮೇಲೆ ಎಂತ ಅಂತ ನಂಗೂ ಗೊತ್ತಿಲ್ಲ."

"ಫೋನೆಲ್ಲಿ?"

"ಹಾಸ್ಟೆಲಲ್ಲಿ ಚಾರ್ಜಿಗಿಟ್ಟು ಬಂದೆ. ಬೇಕಾದ್ರೆ ಅದರತ್ರವೇ ಮಾತಾಡ್ಲಿ."

ಅವಳನ್ನು ಒಬ್ಬಳೇ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಹಾಲು ಮನೆಗೆ ಮುಟ್ಟಿಸಿ, "ದೊಡ್ಡಮ್ಮನಲ್ಲಿಗೆ, ನಿಶ್ಮಿಯೊಟ್ಟಿಗೆ" ಎಂದು ಅಮ್ಮನಿಗೆ ಕೂಗಿ ಹೇಳಿ, ತಲೆ ಬಾಚದೆಯೇ ಬಸ್ಸು ಹತ್ತಿದೆ. ಗಾಜಿನ ಮೇಲೆ ಮಂಜಿತ್ತು; ಯಾರೂ ಏನೂ ಗೀಚಲಿಲ್ಲ. ಅವಳು ನನ್ನ ಭುಜಕ್ಕೆ ತಲೆ ಕೊಟ್ಟು ಮಲಗಿದ್ದಳು, ನಾನು ಮಂಗಳೂರಿನ ತನಕ ಅಲುಗಾಡದೆ ಕೂತಿದ್ದೆ.

ಚಳಿಗಾಲದ ಕಡಲು ಸೌಮ್ಯ. ಅಲೆಗಳು ಸಣ್ಣವು, ನಿಧಾನ, ಒಂದೊಂದರ ನಡುವೆ ಬೇಕಾದಷ್ಟು ಬಿಡುವು. ನಿಶ್ಮಿ ಹಲಗೆ ಎತ್ತಿಕೊಂಡು ನೇರ ಓಣಿಗೆ ಇಳಿದಳು. ಒಂದೂ ಅಲೆ ಹಿಡಿಯಲಿಲ್ಲ. ಎಂದಿನ ಗೆರೆ ದಾಟಿದ ಮೇಲೂ ಕೈ ಹಾಕುತ್ತಲೇ ಹೋದಳು. ನನಗೆ ಹೆದರಿಕೆಯಾಯಿತು. ಹಿಂದೆಯೇ ಹೋಗಿ ಅವಳ ಹಲಗೆಯ ಬಾಲ ಹಿಡಿದುಕೊಂಡೆ.

"ನೀನು ಹೋಗು ಸಿಂಚು."

"ನಾನು ಎಲ್ಲಿಗೂ ಹೋಗುದಿಲ್ಲ."

"ಹೀಗೇ ಹೋದ್ರೆ ಎಲ್ಲಿಗೆ ಮುಟ್ಟುದು?"

"ಗಲ್ಫಿಗೆ."

ಅವಳು ಕೈ ಹಾಕುವುದನ್ನು ನಿಲ್ಲಿಸಿದಳು. "ಅಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ. ಅವರೂ ನನ್ನ ಕೈಗೆ ಫೋನು ಕೊಡ್ತಾರೆ" ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಅವಳು ಅತ್ತುಬಿಟ್ಟಳು. ನಾನು ಎರಡೂ ಹಲಗೆಗಳನ್ನು ಒತ್ತಟ್ಟಿಗೆ ಹಿಡಿದುಕೊಂಡೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಪ್ರಮಿಯಕ್ಕ ಒಮ್ಮೆ ಬಂದು ನಮ್ಮನ್ನು ನೋಡಿ, ಎಳನೀರು ಕುಡಿಸಿ, "ನನಗೆ ಕಾಣುವಷ್ಟು ದೂರದಲ್ಲೇ ಇರಬೇಕು, ಆಯ್ತಾ?" ಎಂದು ಹೋದಳು. ಬಿಸಿಲು ನೀರಿನ ಮೇಲೆ ಪುಡಿಪುಡಿಯಾಗಿ ಬಿದ್ದಿತ್ತು. ಹಲಗೆ ಏರುತ್ತದೆ, ಇಳಿಯುತ್ತದೆ. ಏರಿದಾಗ ದಡ ಕಾಣುತ್ತದೆ, ಇಳಿದಾಗ ಮರೆಯಾಗುತ್ತದೆ. ದೂರದಲ್ಲಿ ದೊಡ್ಡಮ್ಮ ಹಪ್ಪಳ ಒಣಗಿಸುವುದು ಕಂಡಿತು. ನಿಶ್ಮಿ ಹಲಗೆಗೆ ಕೆನ್ನೆ ಕೊಟ್ಟು ನಿದ್ದೆ ಮಾಡಿದಳು. ಅವಳ ಹಲಗೆ ಸೆಳೆತಕ್ಕೆ ಹೋಗದ ಹಾಗೆ ನಾನು ಕಾಲಿನಿಂದ ಒತ್ತಿ ಹಿಡಿದಿದ್ದೆ. ಆ ಮಧ್ಯಾಹ್ನ ಮುಗಿಯದಿದ್ದರೂ ಆಗುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ಬಿಸಿಲು ಓರೆಯಾಗುವ ಹೊತ್ತಿಗೆ ದೊಡ್ಡಮ್ಮನ ಗೇಟಿನ ಬಳಿ ಒಂದು ಕಾರು ನಿಂತಿತು. ಮಗಳು ಬಾರದ್ದನ್ನು ಕಂಡು ನಿಶ್ಮಿಯ ಅಪ್ಪ ಅಮ್ಮ ಹಾಸ್ಟೆಲಿಗೆ, ಅಲ್ಲಿಂದ ನನ್ನ ಅಮ್ಮನಿಗೆ ಫೋನು ಮಾಡಿದ್ದರು. ಅಮ್ಮ ಇದ್ದದ್ದನ್ನು ಹೇಳಿದ್ದರು. ಹಿರಿಯರನ್ನೆಲ್ಲ ಚಾವಡಿಯಲ್ಲೇ ಬಿಟ್ಟು, ಇಬ್ಬರೂ ಒಂದೇ ಕಾರಿನಲ್ಲಿ ಹೊರಟು ಬಂದಿದ್ದರು. ಒಂದು ಬಾಗಿಲಿನಿಂದ ಬಿಳಿ ಪಂಚೆಯ ಅಪ್ಪ ಇಳಿದರು, ಇನ್ನೊಂದರಿಂದ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ ಅಮ್ಮ. ನೀರಿನ ಅಂಚಿಗೆ ಬಂದು, ನಡುವೆ ಇನ್ನೊಂದು ಕಾರು ಹೋಗುವಷ್ಟು ಜಾಗ ಬಿಟ್ಟು ನಿಂತರು. ಇಬ್ಬರೂ ಕೈಬೀಸಿ ಕೂಗಿದರು. ಸ್ವರ ನಮ್ಮ ತನಕ ಬರಲಿಲ್ಲ.

ನಿಶ್ಮಿಯ ಭುಜಗಳು ಮೇಲೇರಿದವು. "ಬಂದ್ರು" ಎಂದಳು.

ಪ್ರಮಿಯಕ್ಕ ಅವರ ಹತ್ತಿರ ಹೋಗಿ ಏನೋ ಹೇಳಿದಳು. ಮಕ್ಕಳು ಕ್ಷೇಮ, ತಾವಾಗಿ ಬರುತ್ತಾರೆ, ಅವಸರ ಮಾಡಬೇಡಿ ಎಂದಳಂತೆ. ಹೇಳಿ ಚಪ್ಪರಕ್ಕೆ ತಿರುಗಿ ಹೋದಳು. ಮರಳಿನ ಮೇಲೆ ಇಬ್ಬರೇ ಉಳಿದರು. ಸ್ವಲ್ಪ ಹೊತ್ತು ಇಬ್ಬರೂ ಕಡಲನ್ನೇ ನೋಡಿದರು. ನಮ್ಮ ಹಲಗೆ ಇಳಿಯಿತು, ದಡ ಮರೆಯಾಯಿತು. ಮತ್ತೆ ಏರಿದಾಗ ಅಪ್ಪ ಅಮ್ಮನ ಕಡೆಗೆ ತಿರುಗಿದ್ದರು. ಅಮ್ಮನ ಕೈ ಗಾಳಿಯಲ್ಲಿ ಆಡುತ್ತಿತ್ತು.

"ಸಿಂಚು, ಅವರು ಮಾತಾಡುದಾ?"

"ಹಾಗೇ ಕಾಣ್ತದೆ."

"ಪ್ರಮಿಯಕ್ಕನತ್ರ ಆಗಿರ್ಬಹುದು."

"ಪ್ರಮಿಯಕ್ಕ ಆಚೆ ಹೋದ್ಲಲ್ಲ ಮಾರಾಯ್ತಿ."

ನಿಶ್ಮಿ ಹಲಗೆಯ ಮೇಲೆ ನೆಟ್ಟಗೆ ಕೂತಳು. ಅಪ್ಪ ಒಂದು ಹೆಜ್ಜೆ ಮುಂದೆ ಬಂದರು, ಅಮ್ಮ ಬೆರಳು ತೋರಿಸಿ ಏನೋ ಅಂದರು, ಅಪ್ಪ ಎರಡೂ ಕೈ ಮೇಲೆತ್ತಿದರು. ದೊಡ್ಡಮ್ಮ ಗೇಟಿನ ತನಕ ಬಂದವರು ಇವರನ್ನು ನೋಡಿ ಒಳಗೆ ಹೋದರು. ನನಗೆ ಚಳಿ ಹಿಡಿದಿತ್ತು, ಬೆರಳುಗಳೆಲ್ಲ ಮುದುಡಿದ್ದವು. "ಹೋಗುವನಾ?" ಎಂದೆ.

"ಬೇಡ" ಎಂದಳು, ಅವರಿಂದ ಕಣ್ಣು ಕೀಳದೆ. "ಈಗ ಹೋದ್ರೆ ನಿಲ್ಲಿಸಿಬಿಡ್ತಾರೆ. ಇನ್ನೂ ಸ್ವಲ್ಪ ಕೂರುವ. ಮಾತಾಡ್ಲಿ."

ಹಲ್ಲು ಕಟಕಟ ಅನ್ನುತ್ತಾ ಇನ್ನೂ ಕೂತೆವು. ಸೂರ್ಯ ನಮ್ಮ ಬೆನ್ನಿಗೆ ಬಂದ; ಅವರಿಬ್ಬರ ಮುಖಕ್ಕೆ ಬೆಳಕು ಬಿತ್ತು. ಕೊನೆಗೆ ಅವಳೇ ಒಂದು ಒಳ್ಳೆಯ ಅಲೆ ಆರಿಸಿದಳು. ಇಬ್ಬರೂ ಒಂದೇ ಅಲೆಯಲ್ಲಿ ಎದ್ದು ನಿಂತೆವು. ನಾನು ನಡುವೆಯೇ ಬಿದ್ದೆ. ನಿಶ್ಮಿ ಬೀಳಲಿಲ್ಲ. ಕೈ ಚಾಚಿ, ಮೊಣಕಾಲು ಬಗ್ಗಿಸಿ, ನೇರ ಅಪ್ಪ ಅಮ್ಮನ ಕಾಲಬುಡದ ತನಕ ಬಂದು ಇಳಿದಳು. ಮಗಳಿಗೆ ಇದು ಬರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ಬೈಯಲೆಂದು ತೆರೆದ ಬಾಯಿ ಹಾಗೆಯೇ ಇತ್ತು.

ಮೊದಲು ಮಾತಾಡಿದವಳು ನಿಶ್ಮಿ. "ಚಾವಡಿಯಲ್ಲಿ ನನ್ನತ್ರ ಕೇಳಬೇಡಿ. ನಾನು ಹೇಳುದಿಲ್ಲ. ನೀವಿಬ್ರೂ ಮಾತಾಡಿ ತೀರ್ಮಾನ ಮಾಡಿ" ಎಂದು ತುಳುವಿನಲ್ಲಿ, ನಡುಗುತ್ತಾ ಹೇಳಿದಳು.

ಅಪ್ಪ ಅವಳನ್ನು ನೋಡಿದರು. ಆಮೇಲೆ ಅಮ್ಮನ ಕಡೆಗೆ ತಿರುಗಿ, "ಕಾರಲ್ಲಿ ಟವೆಲ್ ಉಂಟಾ?" ಎಂದರು.

"ಹಿಂದಿನ ಸೀಟಲ್ಲಿ ಉಂಟು" ಎಂದರು ಅಮ್ಮ.

ಅಷ್ಟೇ ಮಾತು. ಅದನ್ನು ಕೇಳಿ ನಿಶ್ಮಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆಯ ಗುರುತು ಮಾರನೆಯ ದಿನವೂ ಇತ್ತು.

ಅವರು ಮತ್ತೆ ಒಂದಾಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅಮ್ಮ ಬೆಳ್ಳಾರೆಯ ತವರುಮನೆಗೆ ಹೋದರು, ಅಪ್ಪ ಪಂಜದಲ್ಲಿ ಉಳಿದರು. ನಿಶ್ಮಿ ಎರಡೂ ಕಡೆ ತನ್ನ ಬಟ್ಟೆ ಇಟ್ಟುಕೊಂಡಳು. ಆ ಪ್ರಶ್ನೆಯನ್ನು ದೀಪದ ಮುಂದೆ ಯಾರೂ ಕೇಳಲಿಲ್ಲ. ಈಗ ಅವಳು ಕಡಬದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ವಾರಕ್ಕೊಮ್ಮೆ ನನಗೆ ಫೋನು ಮಾಡಿ, ತನ್ನ ಸುದ್ದಿ ಮಾತ್ರ ಹೇಳುತ್ತಾಳೆ.

ಆದರೆ ಆ ವರ್ಷ ನೆನಪಾದಾಗ ನನಗೆ ಕಾಣುವುದು ಆ ಸಂಜೆ ಕಾರಿನ ಕಡೆಗೆ ನಡೆದದ್ದು. ಅಪ್ಪ ಅಮ್ಮ ಮುಂದೆ. ನಾವು ಒಂದೇ ಟವೆಲಿನೊಳಗೆ ಹಿಂದೆ. ಹಾಸ್ಟೆಲಿಗೆ ಯಾರು ಫೋನು ಮಾಡಿ ಹೇಳುವುದೆಂಬ ವಿಷಯಕ್ಕೆ ಶುರುವಾದ ಅವರ ಮಾತು ಎಲ್ಲೆಲ್ಲಿಗೋ ಹೋಗಿ, ಯಾವುದೋ ಕಾಲದ ಮದುವೆಯೊಂದರ ಸುದ್ದಿ ಬಂದು, ಇಬ್ಬರ ಸ್ವರವೂ ಏರಿತು. ಬೀದಿಯ ನಾಯಿ ಎದ್ದು ಬೊಗಳಿತು. ದೊಡ್ಡಮ್ಮ ಅಡುಗೆಮನೆಯ ಕಿಟಕಿ ತೆರೆದರು. ನಾನು ಗಾಬರಿಯಿಂದ ನಿಶ್ಮಿಯ ಮುಖ ನೋಡಿದೆ.

"ಕೇಳ್ತಾ ಉಂಟಾ ಸಿಂಚು?" ಎಂದಳು ಅವಳು. ಕಣ್ಣಲ್ಲಿ ನೀರಿತ್ತು, ಮುಖವಿಡೀ ನಗುತ್ತಿತ್ತು. "ನನ್ನನ್ನು ಬಿಟ್ಟು ಜಗಳ ಮಾಡ್ತಿದ್ದಾರೆ!"